ಭರತ ಬಂದ ಹೊತ್ತಿಗೆ ಹುಟ್ಟು ಹಾಕಬೇಕು

ಅಂಕೋಲೆಯ ಕಡೆಯ ಹಳೆಯ ಮನೆಗಳಲ್ಲಿ ಮಳೆಗಾಲದ ಬೆಳಗು ಮೊದಲು ಹುಟ್ಟುವುದು ಬಚ್ಚಲಮನೆಯಲ್ಲಿ. ಇನ್ನೂ ನಸುಕಿರುವಾಗಲೇ ಹಂಡೆಯ ಕೆಳಗೆ ಬೆಂಕಿ ಹೊತ್ತಬೇಕು. ಆಷಾಢದ ಕಟ್ಟಿಗೆ ಸರಿಯಾಗಿ ಒಣಗಿರುವುದಿಲ್ಲ. ತೆಂಗಿನ ಸಿಪ್ಪೆ, ಗರಟೆ, ಮಡಲಿನ ತುಂಡು, ಕೈಗೆ ಸಿಕ್ಕಿದ್ದೆಲ್ಲ ಒಲೆಗೆ ಹೋಗುತ್ತದೆ. ಬೆಂಕಿ ಏಳುವ ಮೊದಲು ಹೊಗೆ ಏಳುತ್ತದೆ. ನಮ್ಮ ದೊಡ್ಡಮ್ಮ ಆ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಣ್ಣು ಕಿರಿದು ಮಾಡಿಕೊಂಡು, ಊದುಗೊಳವೆಗೆ ಬಾಯಿಟ್ಟು ಊದುತ್ತಿದ್ದಳು. ರಜೆಗೆ ಹೋದಾಗ ನನಗೆ ಎಚ್ಚರವಾಗುತ್ತಿದ್ದುದು ಆ ಊದುವ ಸದ್ದಿಗೆ, ಅದರ ಬೆನ್ನಿಗೇ ಬರುವ ಕೆಮ್ಮಿಗೆ.

ಆ ಕೆಮ್ಮನ್ನು ಮನೆಯಲ್ಲಿ ಯಾರೂ ಕಾಯಿಲೆ ಎಂದುಕೊಂಡಿರಲಿಲ್ಲ. ಕೋಳಿ ಕೂಗಿದ ಹಾಗೆ ಅದೂ ಬೆಳಗಿನ ಒಂದು ಸದ್ದಾಗಿತ್ತು. ಆದರೆ ಅವಳ ಓಡಾಟ ಮಾತ್ರ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಬಂತು. ಮೊದಲು ತಪ್ಪಿದ್ದು ಬಂಡಿಹಬ್ಬ: ಜನಜಂಗುಳಿಯಲ್ಲಿ ನಡೆಯಲಾಗುವುದಿಲ್ಲ ಎಂದಳು. ಆಮೇಲೆ ಗದ್ದೆಬಯಲ ದಾರಿ ತಪ್ಪಿತು, ಬಾವಿಕಟ್ಟೆ ತಪ್ಪಿತು. ಮೀನಿನವಳು ಬಂದರೆ ಅಂಗಳ ದಾಟಿ, ದಣಪೆಯ ತನಕ ಹೋಗಿ, ಬುಟ್ಟಿಗೆ ಕೈಹಾಕಿ, ಬಂಗಡೆಯ ಕಿವಿರು ಎತ್ತಿ ಕೆಂಪು ನೋಡಿ ಆರಿಸುತ್ತಿದ್ದವಳು ಜಗಲಿಯಲ್ಲಿ ಕೂತೇ ಕೂಗಿ ಹೇಳತೊಡಗಿದಳು. ಕೇಳಿದರೆ, "ಎಂತದೂ ಇಲ್ಲ ಮಗಾ, ವಯಸ್ಸಾಯ್ತಲ್ಲ" ಎನ್ನುವಳು. ಆಗ ಅವಳಿಗೆ ಐವತ್ತೆಂಟು.

ಈ ಅಧ್ಯಾಯ ಆ ಕಿರಿದಾದ ಓಡಾಟದ ಬಗ್ಗೆ. ಅವಳ ಕಾಯಿಲೆಗೆ ವೈದ್ಯರ ಬಳಿ ಹೆಸರಿದೆ, ಅಳತೆಯಿದೆ, ಒಳ್ಳೆಯ ಔಷಧವೂ ಇದೆ. ಆದರೆ ಔಷಧ ಎಲ್ಲಿಯ ತನಕ ಕರೆದೊಯ್ಯುತ್ತದೆ, ಎಲ್ಲಿಂದ ಮುಂದೆ ಕಾಲುಗಳೇ ನಡೆಯಬೇಕು ಎಂಬುದನ್ನು ರೋಗಿಗೂ ಮನೆಯವರಿಗೂ ಯಾರೂ ಬಿಡಿಸಿ ಹೇಳುವುದಿಲ್ಲ. ಅದನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಹೊಗೆಯ ಲೆಕ್ಕ

ಕಾಯಿಲೆಯ ಹೆಸರು ಸಿಒಪಿಡಿ. ಶ್ವಾಸನಾಳಗಳು ವರ್ಷಗಟ್ಟಲೆ ಊದಿಕೊಂಡು, ಕಫ ಕಟ್ಟಿ, ಒಳಗಿನ ದಾರಿ ಕಿರಿದಾಗಿ, ಪುಪ್ಪುಸದ ಗಾಳಿಗೂಡುಗಳ ಗೋಡೆಗಳು ಹರಿದುಹೋಗುವ ಕಾಯಿಲೆ ಇದು. ಕರಾವಳಿಯ ಜನ ಇದನ್ನೂ ಉಬ್ಬಸವನ್ನೂ ಒಟ್ಟಿಗೇ ಸೇರಿಸಿ 'ದಮ್ಮು' ಎನ್ನುತ್ತಾರೆ. ಎರಡೂ ಒಂದೇ ಅಲ್ಲ. ಉಬ್ಬಸ ಬಂದು ಹೋಗುತ್ತದೆ, ನಡುವೆ ಮನುಷ್ಯ ಸರಿಯಾಗಿಯೇ ಇರುತ್ತಾನೆ. ಸಿಒಪಿಡಿಯ ಅಡಚಣೆ ಪೂರ್ತಿ ಬಿಟ್ಟುಹೋಗುವುದಿಲ್ಲ. ಅದನ್ನು ಹಿಡಿಯುವ ಉಪಕರಣ ಸ್ಪೈರೋಮೀಟರ್. ಲಂಡನ್ನಿನ ಜಾನ್ ಹಚಿನ್‌ಸನ್ 1846ರಲ್ಲಿ ಪರಿಚಯಿಸಿದ ಈ ಸಾಧನದ ಇಂದಿನ ಮಾದರಿ ಅಂಗೈಯಲ್ಲಿ ಹಿಡಿಸುತ್ತದೆ. ರೋಗಿ ಪೂರ್ತಿ ಉಸಿರೆಳೆದು ಜೋರಾಗಿ ಊದಬೇಕು. ಒಟ್ಟು ಊದಿದ ಗಾಳಿಯಲ್ಲಿ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಹೊರಬಂತು ಎಂದು ಯಂತ್ರ ಅಳೆಯುತ್ತದೆ. ನಾಳ ಹಿಗ್ಗಿಸುವ ಔಷಧ ಕೊಟ್ಟ ಮೇಲೂ ಅದು ಶೇ. 70ಕ್ಕಿಂತ ಕಡಿಮೆಯಿದ್ದರೆ ಸಿಒಪಿಡಿ.

2018ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ ಭಾರತದಲ್ಲಿ ಈ ಕಾಯಿಲೆಯವರ ಸಂಖ್ಯೆ 1990ರಲ್ಲಿ 2.81 ಕೋಟಿ ಇದ್ದದ್ದು 2016ಕ್ಕೆ 5.53 ಕೋಟಿಗೆ ಏರಿತ್ತು. ಬೀಡಿ ಸಿಗರೇಟು ಇದಕ್ಕೆ ದೊಡ್ಡ ಕಾರಣ. ಆದರೆ ನಮ್ಮ ದೇಶದಲ್ಲಿ ಅದಕ್ಕಿಂತ ದೊಡ್ಡ ಪಾಲು ಕೆಟ್ಟ ಗಾಳಿಯದು ಎಂದು ಅದೇ ಅಧ್ಯಯನ ಹೇಳಿತು. ಬೀದಿಯ ಗಾಳಿಯ ಜೊತೆಗೆ ಅಡುಗೆಮನೆಯ ಗಾಳಿಯೂ ಇದರಲ್ಲಿ ಸೇರಿದೆ. ನಮ್ಮ ದೊಡ್ಡಮ್ಮ ಬೀಡಿ ಮುಟ್ಟಿದವಳಲ್ಲ.

ಒಲೆಯ ಹೊಗೆಯನ್ನು ಲೆಕ್ಕಕ್ಕೆ ತರುವ ಸರಳ ಸೂತ್ರವೊಂದನ್ನು ಚಂಡೀಗಢದ ವೈದ್ಯರಾದ ಬೆಹೆರಾ ಮತ್ತು ಜಿಂದಾಲ್ ಬಳಕೆಗೆ ತಂದರು. ದಿನಕ್ಕೆ ಎಷ್ಟು ತಾಸು ಒಲೆಯ ಮುಂದೆ, ಹೀಗೆ ಎಷ್ಟು ವರ್ಷ, ಇವೆರಡನ್ನು ಗುಣಿಸಿದರೆ ಆಯಿತು. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ. ಎ. ಮಹೇಶ್ ಮತ್ತು ಸಂಗಡಿಗರು ಮೈಸೂರು ಜಿಲ್ಲೆಯ ಹಳ್ಳಿಯ ಹೆಂಗಸರಲ್ಲಿ ಈ ಲೆಕ್ಕ ಹಾಕಿ ನೋಡಿ 2013ರಲ್ಲಿ ಪ್ರಕಟಿಸಿದರು. ಗುಣಲಬ್ಧ 60 ಮುಟ್ಟಿದಲ್ಲಿಂದ ದೀರ್ಘಕಾಲದ ಕಫದ ಕೆಮ್ಮಿನ ಅಪಾಯ ಎದ್ದು ಕಾಣುತ್ತಿತ್ತು. ದಿನಕ್ಕೆ ಮೂರು ತಾಸಿನಂತೆ ಇಪ್ಪತ್ತು ವರ್ಷ ಒಲೆ ಊದಿದರೆ ಅರವತ್ತು ಆಗಿಹೋಯಿತು. ದೊಡ್ಡಮ್ಮನ ಲೆಕ್ಕವನ್ನು ನಾನು ಹಾಕಿದೆ. ಅನ್ನ, ಹುಳಿ, ಭತ್ತ ಬೇಯಿಸುವುದು, ಬಚ್ಚಲ ನೀರು ಎಲ್ಲ ಸೇರಿ ದಿನಕ್ಕೆ ನಾಲ್ಕು ತಾಸು. ಮದುವೆಯಾಗಿ ಬಂದು ಮೂವತ್ತೆಂಟು ವರ್ಷ. ನೂರ ಐವತ್ತೆರಡು.

ಹೊರಗೆ ಹೋಗದ ಉಸಿರು

ದಮ್ಮು ಎಂದರೆ ಉಸಿರು ಒಳಗೆ ಬಾರದ ಸಂಕಟ ಎಂದು ನಾವೆಲ್ಲ ತಿಳಿದಿದ್ದೇವೆ. ರೋಗಿಗೂ ಹಾಗೆಯೇ ಅನಿಸುತ್ತದೆ. ನಿಜವಾದ ತೊಂದರೆ ಇರುವುದು ಹೊರಗೆ ಹೋಗುವುದರಲ್ಲಿ.

ಆರೋಗ್ಯವಂತರು ಇದನ್ನು ಒಂದು ಸಣ್ಣ ಪ್ರಯೋಗದಿಂದ ಅರಿಯಬಹುದು. ಎದೆ ತುಂಬ ಉಸಿರೆಳೆದುಕೊಳ್ಳಿ. ಅದರಲ್ಲಿ ಸ್ವಲ್ಪವೇ ಸ್ವಲ್ಪ ಹೊರಬಿಟ್ಟು, ಅದರ ಮೇಲೆಯೇ ಮತ್ತೆ ಎಳೆಯಿರಿ. ಮತ್ತೆ ಸ್ವಲ್ಪ ಬಿಟ್ಟು ಮತ್ತೆ ಎಳೆಯಿರಿ. ಹೀಗೆ ತುಂಬಿದ ಎದೆಯ ತುದಿಯಲ್ಲೇ ಉಸಿರಾಡುತ್ತ ಹತ್ತು ಹೆಜ್ಜೆ ನಡೆಯಿರಿ. ಐದಾರು ಹೆಜ್ಜೆಗೆ ಎದೆ ಬಿಗಿದು, ಕುತ್ತಿಗೆಯ ಸ್ನಾಯು ಸೆಟೆದು, ಕೂತುಬಿಡೋಣ ಅನಿಸುತ್ತದೆ. ಸಿಒಪಿಡಿಯವರು ಬಾವಿಯಿಂದ ಮನೆಗೆ ಬರುವುದು ಹೀಗೆ.

ಕಾರಣ ಇದು. ಉಸಿರೆಳೆಯುವಾಗ ಎದೆಗೂಡು ಹಿಗ್ಗಿ ನಾಳಗಳನ್ನೂ ಜೊತೆಗೆ ಹಿಗ್ಗಿಸುತ್ತದೆ. ಬಿಡುವಾಗ ನಾಳಗಳು ಕುಗ್ಗುತ್ತವೆ. ಸರಿಯಾದ ಪುಪ್ಪುಸದಲ್ಲಿ ಕೋಟಿಗಟ್ಟಲೆ ಗಾಳಿಗೂಡುಗಳ ಎಳೆಗಳು ಸುತ್ತಲಿಂದ ಜಗ್ಗಿ ಹಿಡಿದು ನಾಳ ಮುಚ್ಚದಂತೆ ಕಾಯುತ್ತವೆ, ಡೇರೆಯನ್ನು ಹಗ್ಗ ಹಿಡಿದ ಹಾಗೆ. ಹೊಗೆ ಆ ಎಳೆಗಳನ್ನು ಹರಿದಿದ್ದರೆ, ಬಿಡುವ ಉಸಿರಿನ ನಡುವೆಯೇ ನಾಳ ಮುಚ್ಚಿಕೊಳ್ಳುತ್ತದೆ. ಮೊದಲೇ ಅದು ಊದಿ ಕಿರಿದಾಗಿರುತ್ತದೆ. ಕೊಳವೆಯ ಅಗಲ ಅರ್ಧಕ್ಕೆ ಇಳಿದರೆ, ನಿಧಾನವಾಗಿ ಹರಿಯುವ ಗಾಳಿಗೆ ಎದುರಾಗುವ ತಡೆ ಎರಡು ಪಟ್ಟಲ್ಲ, ಹದಿನಾರು ಪಟ್ಟು ಹೆಚ್ಚುತ್ತದೆ.

ಕೂತಿದ್ದಾಗ ನಿಮಿಷಕ್ಕೆ ಹದಿನೈದು ಉಸಿರು ಎಂದಿಟ್ಟುಕೊಳ್ಳಿ. ಒಂದೊಂದಕ್ಕೆ ನಾಲ್ಕು ಸೆಕೆಂಡು ಸಿಗುತ್ತದೆ. ಕಿರಿದಾದ ನಾಳದಿಂದಲೂ ಗಾಳಿ ಹೇಗೋ ಜಾರಿ ಹೊರಗೆ ಹೋಗುತ್ತದೆ. ಎದ್ದು ನಡೆದರೆ ಉಸಿರು ನಿಮಿಷಕ್ಕೆ ಮೂವತ್ತಾಗುತ್ತದೆ; ಒಂದೊಂದಕ್ಕೆ ಎರಡೇ ಸೆಕೆಂಡು. ಹಿಂದಿನ ಗಾಳಿ ಹೊರಹೋಗುವ ಮುನ್ನವೇ ಹೊಸದು ನುಗ್ಗುತ್ತದೆ. ಪ್ರತಿ ಹೆಜ್ಜೆಗೂ ಎದೆಯಲ್ಲಿ ಒಂದಿಷ್ಟು ಹಳೆಯ ಗಾಳಿ ಉಳಿಯುತ್ತ ಹೋಗುತ್ತದೆ. ಎದೆಯ ತಳದಲ್ಲಿ ಕಮಾನಿನಂತೆ ಮೇಲಕ್ಕೆ ಬಾಗಿರಬೇಕಾದ ಸ್ನಾಯು, ವಪೆ, ಒತ್ತಡಕ್ಕೆ ಚಪ್ಪಟೆಯಾಗಿ ಎಳೆಯುವ ಕಸುವು ಕಳೆದುಕೊಳ್ಳುತ್ತದೆ. ಕೂತು ವಿರಮಿಸಿದರೆ ಎರಡು ನಿಮಿಷದಲ್ಲಿ ಗಾಳಿ ಇಳಿದು ಎದೆ ಹಗುರಾಗುತ್ತದೆ. ಅದಕ್ಕೇ ರೋಗಿ ಕೂರುವುದನ್ನು ಕಲಿಯುತ್ತಾನೆ. ಈ ಕಾಯಿಲೆಯ ಅತಿ ದೊಡ್ಡ ಅಪಾಯ ಅಲ್ಲಿಂದಲೇ ಶುರುವಾಗುತ್ತದೆ.

ಉಮ್ಮತ್ತಿಯಿಂದ ಪಂಪಿನವರೆಗೆ

ಕಾರವಾರದಿಂದ ಅಂಕೋಲೆಗೆ ಬರುವ ದಾರಿಯ ಪಾಳುಜಾಗಗಳಲ್ಲಿ ಉಮ್ಮತ್ತಿ ಗಿಡ ಈಗಲೂ ಕಾಣುತ್ತದೆ. ಉದ್ದನೆಯ ತುತ್ತೂರಿಯಂಥ ಹೂ, ಮುಳ್ಳಿನ ಕಾಯಿ. ಇದು ವಿಷದ ಗಿಡ. ತಿಂದವರಿಗೆ ಭ್ರಮೆ ಹತ್ತುತ್ತದೆ, ಪ್ರಾಣವೂ ಹೋಗಬಹುದು. ಯಾರೂ ಇದರ ತಂಟೆಗೆ ಹೋಗಬಾರದು. ಆದರೆ ಶ್ವಾಸನಾಳ ಹಿಗ್ಗಿಸುವ ಔಷಧಗಳ ಕತೆಯಲ್ಲಿ ಇದಕ್ಕೆ ದೊಡ್ಡ ಸ್ಥಾನವಿದೆ. ದಮ್ಮು ಹತ್ತಿದಾಗ ಉಮ್ಮತ್ತಿಯ ಹೊಗೆ ಎಳೆಯುವುದು ನಮ್ಮ ದೇಶದ ಹಳೆಯ ಪದ್ಧತಿ. ಮದ್ರಾಸಿನಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿ ಜನರಲ್ ಜೆಂಟ್ ಅದನ್ನು ನೋಡಿ 1802ರಲ್ಲಿ ಬ್ರಿಟನ್ನಿಗೆ ಒಯ್ದರು. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಯುರೋಪಿನ ಔಷಧ ಅಂಗಡಿಗಳಲ್ಲಿ ಈ ಬಗೆಯ ಸಿಗರೇಟು ಮಾರಾಟವಾಯಿತು.

ಗಿಡದ ಗುಟ್ಟು ಅದರಲ್ಲಿರುವ ಅಟ್ರೋಪಿನ್ ಮತ್ತು ಅದರ ಬಂಧುಗಳಲ್ಲಿದೆ. ಶ್ವಾಸನಾಳದ ಗೋಡೆಯಲ್ಲಿ ಉಂಗುರದಂತೆ ಸುತ್ತಿರುವ ಸ್ನಾಯುವಿಗೆ 'ಬಿಗಿ' ಎಂಬ ಆಜ್ಞೆ ವೇಗಸ್ ನರದಿಂದ ಬರುತ್ತದೆ. ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕ ಅದರ ಟಪಾಲಿನವ. ಅಟ್ರೋಪಿನ್ ಆ ಟಪಾಲು ಮುಟ್ಟುವ ಬಾಗಿಲಿಗೆ ಅಡ್ಡ ನಿಲ್ಲುತ್ತದೆ, ಸ್ನಾಯು ಸಡಿಲಾಗುತ್ತದೆ. ಅದೇ ತತ್ತ್ವದ ಮೇಲೆ, ಮಿದುಳಿಗೆ ಏರದಂತೆ ಅಣುವನ್ನು ಮಾರ್ಪಡಿಸಿ, ಮೊದಲು ಇಪ್ರಾಟ್ರೋಪಿಯಂ, ಆಮೇಲೆ ಟಯೋಟ್ರೋಪಿಯಂ ಬಂದವು. 2002ರ ಹೊತ್ತಿಗೆ ಯುರೋಪಿನಲ್ಲಿ ಬಳಕೆಗೆ ಬಂದ ಟಯೋಟ್ರೋಪಿಯಂ ಆ ಬಾಗಿಲಲ್ಲಿ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆಂದರೆ ದಿನಕ್ಕೆ ಒಂದೇ ಸಲ ಸಾಕು.

ಎರಡನೆಯ ಕವಲು ಅಡ್ರಿನಲಿನ್‌ನಿಂದ ಹೊರಟಿತು. ಸ್ನಾಯುವಿಗೆ 'ಸಡಿಲಾಗು' ಎಂದು ನೇರವಾಗಿ ಹೇಳುವ ಔಷಧಗಳು ಇವು. ಅಡ್ರಿನಲಿನ್ ಹೃದಯವನ್ನೂ ಓಡಿಸುತ್ತದೆ. ಹೃದಯವನ್ನು ಆದಷ್ಟು ಬಿಟ್ಟು ಶ್ವಾಸನಾಳವನ್ನೇ ಹುಡುಕಿಕೊಂಡು ಹೋಗುವ ಅಣು ಬೇಕಿತ್ತು. ಬ್ರಿಟನ್ನಿನಲ್ಲಿ ಡೇವಿಡ್ ಜ್ಯಾಕ್ ಅವರ ತಂಡ 1966ರಲ್ಲಿ ಕಂಡುಹಿಡಿದ ಸಾಲ್ಬುಟಮಾಲ್ 1969ರಲ್ಲಿ ಮಾರುಕಟ್ಟೆಗೆ ಬಂತು. ಇಂದು ನಮ್ಮ ಯಾವ ಔಷಧ ಅಂಗಡಿಯಲ್ಲೂ ಸಿಗುವ 'ಪಂಪ್' ಹೆಚ್ಚಾಗಿ ಇದೇ. ಪಂಪಿನ ಹುಟ್ಟಿನ ಹಿಂದೆ ಒಬ್ಬ ಬಾಲಕಿಯಿದ್ದಾಳೆ. ಅಮೆರಿಕದ ರೈಕರ್ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್ ಅವರ ಹದಿಮೂರರ ಮಗಳಿಗೆ ಉಬ್ಬಸ. ಬುರುಡೆ ಒತ್ತುವ ಹಳೆಯ ಗಾಜಿನ ಸಾಧನ ಬೇಸರವಾಗಿ, ಕೂದಲಿಗೆ ಹೊಡೆಯುವ ಸ್ಪ್ರೇ ಹಾಗೆ ನನ್ನ ಔಷಧವನ್ನೂ ಏಕೆ ಡಬ್ಬಿಗೆ ತುಂಬಬಾರದು ಎಂದು ಆಕೆ 1955ರಲ್ಲಿ ಕೇಳಿದಳು. ಮರುವರ್ಷವೇ ಅಳತೆಯ ಪಂಪ್ ಮಾರಾಟಕ್ಕೆ ಬಂತು.

ಪಂಪ್ ಎಂದರೆ ನಮ್ಮಲ್ಲಿ ಇನ್ನೂ ಹೆದರಿಕೆ. "ಒಮ್ಮೆ ಹಿಡಿದರೆ ಬಿಡುವುದಿಲ್ಲ, ಮಾತ್ರೆಯೇ ಕೊಡಿ" ಎನ್ನುವವರು ಬಹಳ. ಲೆಕ್ಕ ನೋಡಿ. ಸಾಲ್ಬುಟಮಾಲಿನ ಒಂದು ಮಾತ್ರೆ 4 ಮಿಲಿಗ್ರಾಂ. ಪಂಪಿನ ಒಂದು ಒತ್ತು 100 ಮೈಕ್ರೋಗ್ರಾಂ. ಒಂದು ಮಾತ್ರೆಯಲ್ಲಿರುವ ಔಷಧ ನಲವತ್ತು ಒತ್ತಿಗೆ ಸಮ. ಮಾತ್ರೆ ಹೊಟ್ಟೆ, ರಕ್ತ, ಹೃದಯ, ಕೈಕಾಲು ಎಲ್ಲ ಸುತ್ತಿ ಕೊನೆಗೆ ಪುಪ್ಪುಸಕ್ಕೆ ಬರುತ್ತದೆ. ಕೈ ನಡುಗಿಸುತ್ತದೆ, ಎದೆ ಹೊಡೆದುಕೊಳ್ಳುವಂತೆ ಮಾಡುತ್ತದೆ. ಪಂಪಿನದು ನೇರ ಹೋಗುತ್ತದೆ. ದಿನವೂ ಬೇಕಾಗುವುದು ಕಾಯಿಲೆ ದಿನವೂ ಇರುವುದರಿಂದ. ಅದನ್ನು ಚಟ ಎಂದು ಕರೆಯುವುದು ರೋಗಿಗೆ ಮಾಡುವ ಅನ್ಯಾಯ.

ಭರತ ಮತ್ತು ಅಳಿವೆ

ಗಂಗಾವಳಿ ಕಡಲು ಸೇರುವ ಮಂಜಗುಣಿಯ ದಡದಲ್ಲಿ, ಕಾಳಿ ಸೇರುವ ಕಾರವಾರದ ಕೋಡಿಬಾಗದಲ್ಲಿ ನಿಂತು ನೋಡಿ. ಇಳಿತದ ಹೊತ್ತಿಗೆ ಮರಳ ದಿಬ್ಬ ಮೇಲೆದ್ದು ದೋಣಿಗಳು ಓರೆಯಾಗಿ ಕೂತಿರುತ್ತವೆ. ಭರತ ಏರಿದಂತೆ ಅವೇ ದೋಣಿಗಳು ಮೆಲ್ಲಗೆ ತೇಲುತ್ತವೆ. ನೀರು ದೋಣಿಯನ್ನು ಎತ್ತಿ ಕೊಡುತ್ತದೆ, ಅಷ್ಟೇ. ಹುಟ್ಟು ಹಾಕದಿದ್ದರೆ ಅದು ಕಟ್ಟಿದ ಗೂಟದ ಸುತ್ತಲೇ ತಿರುಗಿ, ಇಳಿತ ಬಂದಾಗ ಮತ್ತೆ ಅಲ್ಲೇ ಕೂರುತ್ತದೆ.

ನಾಳ ಹಿಗ್ಗಿಸುವ ಔಷಧ ಆ ಭರತದಂತೆ. ಸಾಲ್ಬುಟಮಾಲಿನ ಭರತ ಐದೇ ನಿಮಿಷದಲ್ಲಿ ಏರಿ ನಾಲ್ಕರಿಂದ ಆರು ತಾಸಿಗೆ ಇಳಿಯುತ್ತದೆ. ಅದೇ ಕವಲಿನ ಫಾರ್ಮಟೆರಾಲಿನದು ಹನ್ನೆರಡು ತಾಸು, ಟಯೋಟ್ರೋಪಿಯಂನದು ಇಪ್ಪತ್ನಾಲ್ಕು. ನಾಳ ಸ್ವಲ್ಪವೇ ಹಿಗ್ಗಿದರೂ ಸಿಕ್ಕಿಬಿದ್ದ ಗಾಳಿ ಹೊರಗೆ ಹೋಗಲು ದಾರಿಯಾಗುತ್ತದೆ. ವಪೆಗೆ ತನ್ನ ಕಮಾನು ಮರಳುತ್ತದೆ. ಕೆನಡಾದ ಡೆನಿಸ್ ಓಡೊನೆಲ್ ಮತ್ತು ಸಂಗಡಿಗರು 2004ರಲ್ಲಿ ಇದನ್ನು ಅಳೆದು ತೋರಿಸಿದರು. ಆರು ವಾರ ಟಯೋಟ್ರೋಪಿಯಂ ತೆಗೆದುಕೊಂಡವರು ವ್ಯಾಯಾಮದ ಸೈಕಲ್ಲನ್ನು ಬರಿಯ ಪುಡಿ ಎಳೆದವರಿಗಿಂತ ಸರಾಸರಿ 105 ಸೆಕೆಂಡು ಹೆಚ್ಚು ಹೊತ್ತು ತುಳಿದರು.

ಹಾಗಾದರೆ ಔಷಧ ತೆಗೆದುಕೊಂಡವರು ದಿನದಲ್ಲಿ ಹೆಚ್ಚು ನಡೆಯುತ್ತಾರೆಯೇ? ನಡೆಯಲು ಸಾಧ್ಯವಾಗುವುದು ಬೇರೆ, ನಡೆಯುವುದು ಬೇರೆ. ಈ ವ್ಯತ್ಯಾಸವನ್ನು ಚೆನ್ನಾಗಿ ತೋರಿಸಿದ್ದು ಬೆಲ್ಜಿಯಂನ ಲ್ಯೂವೆನ್‌ನ ಥಿಯರಿ ಟ್ರೂಸ್ಟರ್ಸ್ ಮುಂದಾಳತ್ವದಲ್ಲಿ ಹಲವು ದೇಶಗಳ ಸುಮಾರು 300 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಫಿಸ್ಯಾಕ್ಟೋ ಅಧ್ಯಯನ. ಹನ್ನೆರಡು ವಾರ ಎಲ್ಲ ರೋಗಿಗಳಿಗೂ ಅಭ್ಯಾಸ ಬದಲಿಸಿಕೊಳ್ಳಲು ತರಬೇತಿ, ಗುರಿ, ಹೆಜ್ಜೆ ಎಣಿಸುವ ಸಾಧನ ಸಿಕ್ಕವು. ಅದರ ಮೇಲೆ ಒಂದು ಗುಂಪಿಗೆ ಬರಿಯ ಖಾಲಿ ಔಷಧ, ಒಂದಕ್ಕೆ ಟಯೋಟ್ರೋಪಿಯಂ, ಒಂದಕ್ಕೆ ಎರಡು ಬಗೆಯ ನಾಳ ಹಿಗ್ಗಿಸುವ ಔಷಧಗಳ ಜೋಡಿ, ಇನ್ನೊಂದಕ್ಕೆ ಜೋಡಿಯ ಜೊತೆಗೆ ವ್ಯಾಯಾಮ. ಎರಡು ಔಷಧ ಪಡೆದವರು ನಡಿಗೆಯ ಪರೀಕ್ಷೆಯಲ್ಲಿ ಹೆಚ್ಚು ಹೊತ್ತು ನಡೆಯಬಲ್ಲವರಾದರು. ವ್ಯಾಯಾಮವೂ ಸೇರಿದವರು ಇನ್ನೂ ಹೆಚ್ಚು. ಓಡಾಡುವಾಗಿನ ಕಷ್ಟವೂ ಅವರಿಗೆ ಕಡಿಮೆಯಾಯಿತು. ಆದರೆ ದಿನದ ಹೆಜ್ಜೆಗಳ ಎಣಿಕೆ ನಾಲ್ಕೂ ಗುಂಪಿನಲ್ಲಿ ಏರಿತು. ಔಷಧದಿಂದಾಗಿ ಅದಕ್ಕೆ ಹೇಳುವಂಥ ಹೆಚ್ಚಳವೇನೂ ಸೇರಲಿಲ್ಲ. ಕಾಲನ್ನು ಹೊರಗೆ ಕರೆತಂದದ್ದು ಅಭ್ಯಾಸ, ಜೊತೆಗೊಬ್ಬರು ಕೇಳುವವರಿದ್ದದ್ದು. ಆ ನಡಿಗೆಯನ್ನು ಹಗುರ ಮಾಡಿದ್ದು ಔಷಧ.

ನಮ್ಮ ಮನೆಗಳಲ್ಲಿ ಇದು ತಲೆಕೆಳಗಾಗುತ್ತದೆ. ಪಂಪ್ ಶುರುವಾದ ದಿನದಿಂದಲೇ ಮನೆಯವರು "ಇನ್ನು ಸುಮ್ಮನೆ ಕೂತಿರು, ನಾವು ಮಾಡುತ್ತೇವೆ" ಎನ್ನುತ್ತಾರೆ. ಪ್ರೀತಿಯ ಮಾತೇ ಅದು. ಆದರೆ ಭರತ ಬಂದಾಗ ದೋಣಿ ಕಟ್ಟಿಹಾಕಿದ ಹಾಗೆ. ಕೂತರೆ ತೊಡೆಯ ಸ್ನಾಯು ಕರಗುತ್ತದೆ. ಸೊರಗಿದ ಸ್ನಾಯು ಅದೇ ಕೆಲಸಕ್ಕೆ ಬೇಗ ದಣಿಯುತ್ತದೆ, ಉಸಿರನ್ನು ಹೆಚ್ಚು ಬೇಡುತ್ತದೆ. ಉಸಿರು ಹೆಚ್ಚಿದರೆ ಎದೆಯಲ್ಲಿ ಗಾಳಿ ಕಟ್ಟುತ್ತದೆ, ಹೆದರಿಕೆಯಿಂದ ಮತ್ತೆ ಕೂರುತ್ತಾರೆ. 2005ರ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಹಿರಿಯರು ದಿನಕ್ಕೆ ಸರಾಸರಿ 81 ನಿಮಿಷ ನಡೆದರೆ ಸಿಒಪಿಡಿಯವರು ನಡೆದದ್ದು 44 ನಿಮಿಷ. ಜರ್ಮನಿಯಲ್ಲಿ 170 ರೋಗಿಗಳನ್ನು ನಾಲ್ಕು ವರ್ಷ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾರು ಬದುಕಿ ಉಳಿಯುತ್ತಾರೆ ಎಂಬುದನ್ನು ಎಲ್ಲಕ್ಕಿಂತ ಚೆನ್ನಾಗಿ ಮುನ್ಸೂಚಿಸಿದ್ದು ಅವರ ದೈನಂದಿನ ಚಲನೆಯೇ ಆಗಿತ್ತು.

ಒಂದು ಒತ್ತು, ಹತ್ತು ಎಣಿಕೆ

ದೊಡ್ಡಮ್ಮನಿಗೆ ಪಂಪ್ ಸಿಕ್ಕಿ ಒಂದು ವರ್ಷವಾಗಿತ್ತು. "ಅದರಿಂದ ಏನೂ ಉಪಯೋಗವಿಲ್ಲ" ಎನ್ನುತ್ತಿದ್ದಳು. ಒಂದು ದಿನ ನನ್ನ ಮುಂದೆಯೇ ತೆಗೆದುಕೊಳ್ಳಲು ಹೇಳಿದೆ. ಪಂಪನ್ನು ಅಲುಗಾಡಿಸಲಿಲ್ಲ. ಬಾಯಿ ತೆರೆದಳು, ಒತ್ತಿದಳು, ಆಮೇಲೆ ಉಸಿರೆಳೆದಳು. ತುಟಿಯ ಬದಿಯಿಂದ ಬಿಳಿ ಆವಿ ಎದ್ದು ಕಿಟಕಿಯ ಬೆಳಕಿನಲ್ಲಿ ಕರಗಿತು. ವರ್ಷವಿಡೀ ಔಷಧ ಹೋದದ್ದು ನಾಲಗೆಗೆ ಮತ್ತು ಗಾಳಿಗೆ. ಯಾರೂ ಅವಳಿಗೆ ಮಾಡಿ ತೋರಿಸಿರಲಿಲ್ಲ.

ಸರಿಯಾದ ಕ್ರಮ ಹೀಗೆ. ಪಂಪನ್ನು ಚೆನ್ನಾಗಿ ಅಲುಗಾಡಿಸಿ. ಎದೆಯ ಗಾಳಿಯನ್ನು ಆದಷ್ಟು ಹೊರಬಿಡಿ. ತುಟಿಯಿಂದ ಬಿಗಿಯಾಗಿ ಹಿಡಿಯಿರಿ. ಉಸಿರೆಳೆಯಲು ಶುರುಮಾಡುತ್ತಲೇ ಒತ್ತಿ, ನಿಧಾನವಾಗಿ, ಆಳವಾಗಿ ಎಳೆಯುತ್ತ ಹೋಗಿ. ಹತ್ತು ಎಣಿಸುವ ತನಕ ಉಸಿರು ಹಿಡಿಯಿರಿ. ಎರಡನೆಯ ಒತ್ತಿಗೆ ಅರ್ಧ ನಿಮಿಷ ಕಾಯಿರಿ. ಕೈ ಮತ್ತು ಉಸಿರು ಒಟ್ಟಿಗೆ ಕೂಡದವರಿಗೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ಡಬ್ಬಿಯಿದೆ. ಔಷಧ ಅದರೊಳಗೆ ನಿಂತು ಕಾಯುತ್ತದೆ, ರೋಗಿ ಮೆಲ್ಲಗೆ ಎಳೆದುಕೊಳ್ಳಬಹುದು. ಕ್ಯಾಪ್ಸೂಲಿನ ಪುಡಿ ಎಳೆಯುವ ಸಾಧನವಾದರೆ ಕ್ರಮವೇ ಬೇರೆ: ಅಲ್ಲಿ ಜೋರಾಗಿ, ಆಳವಾಗಿ ಎಳೆಯಬೇಕು, ಇಲ್ಲದಿದ್ದರೆ ಪುಡಿ ಮೇಲೇಳುವುದಿಲ್ಲ. ಸ್ಟೀರಾಯ್ಡ್ ಇರುವ ಪಂಪಾದರೆ ಬಾಯಿ ಮುಕ್ಕಳಿಸಿ ಉಗುಳಬೇಕು. ಇಪ್ರಾಟ್ರೋಪಿಯಂ, ಟಯೋಟ್ರೋಪಿಯಂ ತೆಗೆದುಕೊಳ್ಳುವವರಿಗೆ ಬಾಯಿ ಒಣಗಬಹುದು. ಪ್ರಾಸ್ಟೇಟ್ ತೊಂದರೆಯಿದ್ದವರು ಮೂತ್ರ ಕಟ್ಟಿದರೆ ವೈದ್ಯರಿಗೆ ಹೇಳಬೇಕು.

ಜಗಲಿಯ ಅಳತೆ

ಹಿಂದೆ ವೈದ್ಯರೇ ಇಂಥ ರೋಗಿಗಳಿಗೆ ವಿಶ್ರಾಂತಿ ಹೇಳುತ್ತಿದ್ದರು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಅಮೆರಿಕದ ಆಲ್ವನ್ ಬರಾಕ್, ಆಮೇಲೆ ಡೆನ್ವರಿನ ಥಾಮಸ್ ಪೆಟ್ಟಿ ಅದನ್ನು ತಿರುಗಿಸಿ ನಡೆಸಲು ಶುರುಮಾಡಿದರು. ಅದಕ್ಕೆ ಈಗ ಶ್ವಾಸ ಪುನಶ್ಚೇತನ ಎಂಬ ಹೆಸರು. 2015ರಲ್ಲಿ ಕಾಕ್ರೇನ್ ಸಂಸ್ಥೆ 65 ಪ್ರಯೋಗಗಳ, 3,822 ರೋಗಿಗಳ ಫಲಿತಾಂಶ ಒಟ್ಟುಗೂಡಿಸಿ ನೋಡಿದಾಗ, ಆರು ನಿಮಿಷದಲ್ಲಿ ನಡೆಯುವ ದೂರ ಸರಾಸರಿ 44 ಮೀಟರ್ ಹೆಚ್ಚಿತ್ತು. ನಲವತ್ನಾಲ್ಕು ಮೀಟರ್ ಎಂದರೆ ಒಬ್ಬರಿಗೆ ಏನೂ ಅಲ್ಲ, ಇನ್ನೊಬ್ಬರಿಗೆ ಬಾವಿಕಟ್ಟೆ.

ಕಾರವಾರದಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಕ್ರಿಮ್ಸ್ ಇದೆ. ಆದರೂ ದೊಡ್ಡ ಚಿಕಿತ್ಸೆಗೆ ಗೋವಾ, ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಎಂದು ಹೊರಡುವುದು ಉತ್ತರ ಕನ್ನಡದವರ ಹಳೆಯ ಪಾಡು. ವಾರಕ್ಕೆ ಎರಡು ಸಲ ಬಸ್ಸು ಹತ್ತಿ ಪುನಶ್ಚೇತನಕ್ಕೆ ಹೋಗುವುದು ಹಳ್ಳಿಯ ಹೆಂಗಸಿಗೆ ಆಗುವ ಮಾತಲ್ಲ. ಇಲ್ಲೊಂದು ಆಶೆಯ ಸುದ್ದಿಯಿದೆ. ಮೆಲ್ಬರ್ನಿನ ಆ್ಯನ್ ಹಾಲಂಡ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮನೆಗೆ ಒಂದು ಭೇಟಿ, ವಾರಕ್ಕೊಂದರಂತೆ ಏಳು ಫೋನ್ ಕರೆ, ಅಷ್ಟರಿಂದಲೇ ಎಂಟು ವಾರದಲ್ಲಿ ಆಸ್ಪತ್ರೆಯ ಕೇಂದ್ರಕ್ಕೆ ಬಂದವರಷ್ಟೇ ಸುಧಾರಣೆ ಕಂಡಿತು. ಅದಕ್ಕೆ ಬೇಕಿದ್ದದ್ದು ಕೇಳುವ ಒಂದು ದನಿ, ನಡೆಯಲು ಒಂದಿಷ್ಟು ಜಾಗ.

ಜಾಗ ನಮ್ಮಲ್ಲಿದೆ. ಬೇಸಿಗೆ ಚಳಿಗಾಲದಲ್ಲಿ ಕಾರವಾರದ ಟ್ಯಾಗೋರ್ ತೀರವೋ ಬೇಲೆಕೇರಿಯ ಬೇಲೆಯೋ ಇದ್ದರೆ, ನೀರು ಈಗಷ್ಟೇ ಇಳಿದ ಗಟ್ಟಿ ಮರಳಿನ ಮೇಲೆ ನಡೆಯಬೇಕು. ಕಾಲು ಹೂಳುವ ಒಣ ಮರಳು ಶುರುವಿಗೆ ಬೇಡ. ಮಳೆಗಾಲದಲ್ಲಿ ಜಗಲಿಯೇ ದಾರಿ. ಹತ್ತು ಮೀಟರಿನ ಜಗಲಿಯಾದರೆ ಹೋಗಿ ಬಂದರೆ ಇಪ್ಪತ್ತು ಮೀಟರ್. ಐದು ಸುತ್ತಿಗೆ ನೂರು. ಗೋಡೆಗೆ ಕ್ಯಾಲೆಂಡರ್ ತೂಗಿ, ಆ ದಿನದ ಚೌಕದಲ್ಲಿ ಸುತ್ತಿನ ಲೆಕ್ಕ ಬರೆದಿಡಬೇಕು.

ಶುರುಮಾಡುವ ಮುನ್ನ ವೈದ್ಯರು ಹೃದಯ ಮತ್ತು ರಕ್ತದ ಆಮ್ಲಜನಕ ನೋಡಿರಬೇಕು. ವೈದ್ಯರು ಹೇಳಿದ್ದರೆ ನಡೆಯುವ ಹದಿನೈದು ನಿಮಿಷ ಮೊದಲು ಸಾಲ್ಬುಟಮಾಲ್. ಭರತ ನೋಡಿ ದೋಣಿ ಇಳಿಸಿದ ಹಾಗೆ. ನಡೆಯುವಾಗ ಏದುಸಿರು ಬರಬೇಕು. ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು. ಎದೆನೋವು, ತಲೆಸುತ್ತು, ತುಟಿ ನೀಲಿ ಕಂಡರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ಹತ್ತು ಸಲ ಮಾಡಿದರೆ ತೊಡೆಗೆ ಕಸುವು ಬರುತ್ತದೆ.

ದಮ್ಮು ಏರಿದಾಗ ಮುಂದಕ್ಕೆ ಬಾಗಿ ಕೈಗಳನ್ನು ಕಟ್ಟೆಗೋ ಮಂಡಿಗೋ ಊರಿ, ಮೂಗಿನಿಂದ ಎಳೆದು, ತುಟಿ ಮುಂದೆ ಮಾಡಿ ಮೆಲ್ಲಗೆ, ಎಳೆದದ್ದಕ್ಕಿಂತ ಎರಡರಷ್ಟು ಹೊತ್ತು ಬಿಡಬೇಕು. ತುಟಿಯ ಆ ಸಣ್ಣ ತಡೆ ಒಳಗಿನ ನಾಳಗಳಲ್ಲಿ ಒತ್ತಡ ಉಳಿಸಿ ಅವು ಮುಚ್ಚಿಕೊಳ್ಳದಂತೆ ಹಿಡಿಯುತ್ತದೆ. ಇದನ್ನು ನಾನು ದೊಡ್ಡಮ್ಮನಿಗೆ ಹೇಗೆ ವಿವರಿಸುವುದೆಂದು ಯೋಚಿಸುತ್ತಿರುವಾಗ ಅವಳೇ ಹೇಳಿದಳು: "ಊದುಗೊಳವೆ ಊದಿದ ಹಾಗೆ ಅಲ್ಲವಾ? ಆದರೆ ಮೆಲ್ಲಗೆ." ಅದೇ. ಮೂವತ್ತೆಂಟು ವರ್ಷದ ಅಭ್ಯಾಸ ತುಟಿಗಳಲ್ಲಿ ಹಾಗೇ ಉಳಿದಿತ್ತು.

ಒಲೆಯನ್ನು ಬಿಡದೆ ಆಗದು

ಇಷ್ಟೆಲ್ಲ ಮಾಡಿ ಬಚ್ಚಲ ಒಲೆಯನ್ನು ಹಾಗೇ ಬಿಟ್ಟರೆ ತೂತಿನ ದೋಣಿಯಿಂದ ನೀರು ಮೊಗೆದಂತೆ. 2016ರಲ್ಲಿ ಶುರುವಾದ ಉಜ್ವಲಾ ಯೋಜನೆ ಅಡುಗೆಮನೆಗೆ ಗ್ಯಾಸು ತಂದಿತು. ಬಚ್ಚಲಿನಲ್ಲಿ ಮಾತ್ರ ಕಟ್ಟಿಗೆ ಬಹಳ ಮನೆಗಳಲ್ಲಿ ಇನ್ನೂ ಉರಿಯುತ್ತಿದೆ. ತೆಂಗಿನ ಸಿಪ್ಪೆ ಪುಕ್ಕಟೆ, ಹಂಡೆಯ ನೀರು ಹಿತ. ನಮ್ಮ ನಾಡಿನಲ್ಲೇ ಇದಕ್ಕೆ ದಾರಿ ಹುಡುಕಿದವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ಅಸ್ತ್ರ ಕೇಂದ್ರದಿಂದ ಮೂರು ಪಾತ್ರೆ ಕೂರಿಸುವ, ಹೊಗೆಯನ್ನು ಕೊಳವೆಯಿಂದ ಮೇಲಕ್ಕೆ ಕಳಿಸುವ ಅಸ್ತ್ರ ಒಲೆ ಬಂತು. ಬಚ್ಚಲಿಗೂ ಅದೇ ನಿಯಮ: ಒಲೆಯ ಬಾಯಿ ಹೊರಗೋಡೆಗೆ, ಹೊಗೆಗೊಳವೆ ಮಾಡಿನ ಮೇಲಕ್ಕೆ, ಮಳೆಗಾಲಕ್ಕೆ ಮೊದಲೇ ಒಣ ಕಟ್ಟಿಗೆ. ಸೌರ ಹಂಡೆ ಕೂರಿಸಲು ಆದರೆ ಇನ್ನೂ ಒಳ್ಳೆಯದು. ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಹಳ್ಳಿಗಳಲ್ಲಿ ಒಂಬತ್ತು ವರ್ಷ ಗಮನಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೈವಿಕ ಅನಿಲ ಮತ್ತು ಗಾಳಿಯಾಡುವ ಅಡುಗೆಮನೆ ಬಂದ ಮನೆಗಳವರ ಪುಪ್ಪುಸ ವರ್ಷದಿಂದ ವರ್ಷಕ್ಕೆ ಕುಂದುವುದು ನಿಧಾನವಾಗಿತ್ತು. ಬೀಡಿ ಸೇದುವವರು ಬಿಟ್ಟರೂ ಹಾಗೆಯೇ. ಹರಿದ ಗೋಡೆ ಮತ್ತೆ ಬೆಳೆಯುವುದಿಲ್ಲ, ಆದರೆ ಉಳಿದದ್ದು ಉಳಿಯುತ್ತದೆ.

ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಒಂದು ಸ್ಪೈರೋಮೀಟರ್, ಅದನ್ನು ಊದಿಸಲು ಬಲ್ಲ ಒಬ್ಬರು, ಪಂಪ್ ಕೊಡುವಾಗ ಐದು ನಿಮಿಷ ಕೂರಿಸಿ ಕಲಿಸುವವರು, ವಾರಕ್ಕೊಮ್ಮೆ "ಇಂದು ಎಷ್ಟು ಸುತ್ತು?" ಎಂದು ಫೋನಿನಲ್ಲಿ ಕೇಳುವ ಆಶಾ ಕಾರ್ಯಕರ್ತೆ. ಇವು ದೊಡ್ಡ ಆಸ್ಪತ್ರೆಯ ಬೇಡಿಕೆಯಷ್ಟು ದುಡ್ಡು ಬೇಡುವುದಿಲ್ಲ. ಕರಾವಳಿಯ ಎಷ್ಟೋ ಹೆಂಗಸರು 'ವಯಸ್ಸಾಯ್ತು' ಎಂದುಕೊಂಡು ಜಗಲಿಗೆ ಸೇರಿದ್ದಾರೆ. ಅವರಿಗೆ ಆಗಿರುವುದು ಮುಪ್ಪಲ್ಲ ಎಂದು ಮೊದಲು ಹೇಳುವವರು ಬೇಕು.

ದೊಡ್ಡಮ್ಮನ ಕಾಯಿಲೆ ವಾಸಿಯಾಗಲಿಲ್ಲ, ಆಗುವುದೂ ಇಲ್ಲ. ಮೊದಲ ವಾರ ಕ್ಯಾಲೆಂಡರಿನ ಚೌಕಗಳಲ್ಲಿ ಎರಡು, ಎರಡು, ಮೂರು ಎಂದಿತ್ತು. ನಡುವೆ ನೆಗಡಿ ಬಂದು ಹತ್ತು ದಿನ ಖಾಲಿ. ಮತ್ತೆ ಎರಡರಿಂದ ಶುರು. ನವರಾತ್ರಿಯ ಹೊತ್ತಿಗೆ ಹದಿನಾಲ್ಕು ಎಂದು ಬರೆದಿದ್ದಳು. ಒಂದು ಬೆಳಗ್ಗೆ ಮೀನಿನವಳ ಕೂಗು ಕೇಳಿತು. ದೊಡ್ಡಮ್ಮ ಜಗಲಿಯಿಂದ ಇಳಿದಳು. ತುಳಸಿಕಟ್ಟೆಗೆ ಕೈಯೂರಿ ನಿಂತು ತುಟಿ ಮುಂದೆ ಮಾಡಿ ಉಸಿರು ಬಿಟ್ಟಳು, ಮತ್ತೆ ನಡೆದಳು. ದಣಪೆಯ ಬಳಿ ಬುಟ್ಟಿ ಕೆಳಗಿಳಿಯಿತು. ದೊಡ್ಡಮ್ಮ ಒಂದು ಬಂಗಡೆ ಎತ್ತಿ ಕಿವಿರು ನೋಡಿ ಅದನ್ನು ಬದಿಗಿಟ್ಟಳು. ಎರಡನೆಯದನ್ನು ಎತ್ತಿದಳು. "ಇದು ನಿನ್ನೆಯದು, ಇವತ್ತಿನದು ತೋರಿಸು" ಎಂದಳು. ಒಂದೇ ಉಸಿರಿನಲ್ಲಿ ಅಷ್ಟೂ ಮಾತು.